ಇಬ್ಬರೇ ಹೋದೆವು, ಕುಕನೂರು–ಇಟಗಿಗೆ

ಜಾತ್ರೆಯಿಲ್ಲ, ಮದುವೆಯಿಲ್ಲ, ಹರಕೆಯಿಲ್ಲ. ಗಂಡ–ಹೆಂಡತಿ ಒಂದು ದಿನ ಹಾಯಾಗಿ ಕಳೆಯಲು ನಮ್ಮ ಮಗ್ಗುಲಲ್ಲೇ ಎರಡು ಊರುಗಳಿವೆ. ಒಂಬತ್ತನೇ ಶತಮಾನದಿಂದ ಹನ್ನೆರಡನೇ ಶತಮಾನಕ್ಕೆ ಹೋಗಲು ಅಲ್ಲಿ ಏಳು ಕಿಲೋಮೀಟರ್ ಸಾಕು!

ಇಟಗಿಯ ಮಹಾದೇವ ಗುಡಿಯ ಬಾಗಿಲವಾಡದ ಮುಂದೆ ನಮ್ಮ ಮನೆಯವರು ಕುಂತೇಬಿಟ್ಟಿದ್ದರು. ತೆರೆದ ಮಂಟಪದ ಕಂಬಗಳ ನಡುವಿನಿಂದ ಬಿಸಿಲು ಓರೆಯಾಗಿ ಒಳಗೆ ಬಿದ್ದಿತ್ತು. ಅವರು ತೋರುಬೆರಳನ್ನು ಕಲ್ಲಿಗೆ ತಾಕಿಸದೆ, ಗಾಳಿಯಲ್ಲೇ ಹೊರಗಿನಿಂದ ಒಳಕ್ಕೆ ಸರಿಸುತ್ತ ಏನೋ ಲೆಕ್ಕ ಹಾಕುತ್ತಿದ್ದರು.

“ಏನ್ ಎಣಸಾಕತ್ತೀರಿ?” ಅಂದೆ.

“ದಡಿ.”

ನಾನೂ ಬಗ್ಗಿ ನೋಡಿದೆ. ಬಾಗಿಲಿನ ಎರಡೂ ಬದಿ ಪಟ್ಟಿ ಪಟ್ಟಿಯಾಗಿ ಕೆತ್ತನೆ. ಶಿಲ್ಪಶಾಸ್ತ್ರದವರು ಇವಕ್ಕೆ ಶಾಖೆ ಎನ್ನುತ್ತಾರೆ. ಮಗ್ಗದ ಮನೆಯಲ್ಲಿ ಹುಟ್ಟಿದವರ ಕಣ್ಣಿಗೆ ಅದು ಸೀರೆಯ ದಡಿಯಾಗಿ ಕಂಡಿತ್ತು.

“ಬಳ್ಳಿ ನೋಡು, ಎಲ್ಲಿ ಬಾಗಬೇಕೋ ಅಲ್ಲೇ ಬಾಗೇತಿ. ಕೆಳಗಿಂದ ಮ್ಯಾಲಿನ ತನಕ ಒಂದೆಳಿ ತಪ್ಪಿಲ್ಲ. ಇದನ್ನ ಮಾಡಿದಾವ ಮೊದಲ ಪೂರ್ತಿ ಲೆಕ್ಕ ಹಾಕ್ಕೊಂಡಾನ, ಆಮ್ಯಾಲ ಉಳಿ ಹಿಡದಾನ.”

ಈ ಗುಡಿಯ ಬಗ್ಗೆ ಪುಸ್ತಕಗಳಲ್ಲಿ ಓದಿದ್ದೆ. ಯಾರೂ ಇಷ್ಟು ಸರಳವಾಗಿ ಹೇಳಿರಲಿಲ್ಲ.

ಹಳಿ ದಾಟಿದರೆ ನಮ್ಮೂರು

ಭಾಗ್ಯನಗರ ಗೊತ್ತಿಲ್ಲದವರಿಗೆ: ಕೊಪ್ಪಳದಿಂದ ರೈಲು ಹಳಿ ದಾಟಿದರೆ ನಮ್ಮೂರು. ಹೆಸರಿಗೆ ಪ್ರತ್ಯೇಕ ಪಟ್ಟಣ ಪಂಚಾಯಿತಿ. ಸಂತೆ, ಆಸ್ಪತ್ರೆ, ಕಾಲೇಜು, ಕಚೇರಿ ಎಲ್ಲಕ್ಕೂ ಕೊಪ್ಪಳವೇ. ನೇಕಾರರ ಊರಿದು. ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತಲೇ ಮಕ್ಕಳು ನಿದ್ದೆ ಹೋಗುತ್ತಿದ್ದ ಕಾಲವಿತ್ತು. ಕೈಮಗ್ಗಗಳು ಕಡಿಮೆಯಾಗಿವೆ. ಈಚಿನ ದಶಕಗಳಲ್ಲಿ ಊರಿಗೆ ಇನ್ನೊಂದು ಹೆಸರು ಬಂದಿದೆ: ಕೂದಲಿನ ವ್ಯಾಪಾರ. ಊರೂರಿನಿಂದ ಬಂದ ಕೂದಲನ್ನು ಇಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದದ ಪ್ರಕಾರ ವಿಂಗಡಿಸಿ ಹೊರದೇಶಗಳ ಟೋಪನ್ ತಯಾರಕರಿಗೆ ಕಳಿಸುತ್ತಾರೆ. ಸಿಕ್ಕು ಬಿಡಿಸುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು.

ಎಳೆ ನೂಲಿನದಿರಲಿ ಕೂದಲಿನದಿರಲಿ, ನಮ್ಮೂರಿನ ದುಡಿಮೆ ಎಳೆಯದ್ದು. ಆ ದುಡಿಮೆಗೆ ಭಾನುವಾರವೆಂಬುದು ಕಡಿಮೆ. ಗಂಡ–ಹೆಂಡತಿ ಜೋಡಿಯಾಗಿ ಮನೆಯಿಂದ ಹೊರಬಿದ್ದರೆ ಅದಕ್ಕೊಂದು ಕಾರಣ ಇರಲೇಬೇಕು. ಬೀಗರ ಮನೆಯ ಮದುವೆ, ಗವಿಮಠದ ಜಾತ್ರೆ, ಹುಲಿಗೆಮ್ಮನ ಹರಕೆ, ಮಕ್ಕಳ ಕಾಲೇಜಿನ ಕೆಲಸ, ದವಾಖಾನೆ. “ಸುಮ್ಮನೆ ಹೋಗಿ ಬರ್ತೀವಿ” ಎಂದರೆ ಅತ್ತೆಯವರು ಮುಖ ನೋಡುತ್ತಾರೆ. ಸಿಟ್ಟಿಗಲ್ಲ, ಅವರ ಆಯುಷ್ಯದಲ್ಲಿ ಅಂಥದ್ದೊಂದು ದಿನ ಇರಲೇ ಇಲ್ಲ.

ಈ ಲೇಖನ ಬರೆಯಲು ಕಾರಣ ಅದೇ. ಪ್ರವಾಸ ಎಂದರೆ ನಮ್ಮವರು ಒಂದೋ ತಿರುಪತಿಗೆ ಹೊರಡುತ್ತಾರೆ, ಇಲ್ಲವೇ ಹಂಪಿಗೆ. ಇಪ್ಪತ್ತು ಮಂದಿ, ಎರಡು ಗಾಡಿ, ಅಡುಗೆ ಸಾಮಾನು. ಅದೂ ಬೇಕು. ಆದರೆ ಇಬ್ಬರೇ ಕುಂತು ಮಾತಾಡುವುದಕ್ಕೆ, ಮಾತು ಮುಗಿದರೆ ಸುಮ್ಮನಿರುವುದಕ್ಕೆ ಗದ್ದಲವಿಲ್ಲದ ಊರು ಬೇಕು. ಅಂಥ ಊರು ಬಸ್ಸಿನ ದಾರಿಯಲ್ಲೇ ಇರುವಾಗ ನಾವು ದೂರ ದೂರ ನೋಡುತ್ತೇವೆ.

ಹೋಗಲು ಈಗಲೇ ಸಕಾಲ. ದೀಪಾವಳಿ ಮುಗಿದಿದೆ. ಎರೆ ಹೊಲಗಳಲ್ಲಿ ಹಿಂಗಾರಿ ಜೋಳ ಮೊಣಕಾಲೆತ್ತರ ಬಂದಿದೆ, ಕಡಲೆ ಹಸಿರು ಹಾಸಿದೆ. ಬನದ ಹುಣ್ಣಿಮೆ ಆದ ಮೇಲೆ ಗವಿಸಿದ್ಧೇಶ್ವರ ಜಾತ್ರೆ. ಆಗ ಕೊಪ್ಪಳದಲ್ಲಿ ಯಾರ ಮನೆಯಲ್ಲೂ ಬಿಡುವಿರುವುದಿಲ್ಲ. ಅಷ್ಟರೊಳಗೆ ಒಂದು ದಿನ ಕದ್ದುಕೊಳ್ಳಬೇಕು.

ಗೊಂಬೆಗಳ ದಾರಿ

ಬೆಳಗ್ಗೆ ಬುತ್ತಿ ಕಟ್ಟಿದೆ. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಗುರೆಳ್ಳು ಚಟ್ನಿ, ಒಂದು ಡಬ್ಬಿ ಮೊಸರು, ಎರಡು ಉಳ್ಳಾಗಡ್ಡಿ. ಮೇಲ್ಸೇತುವೆ ದಾಟಿ ಕೊಪ್ಪಳದ ಬಸ್ ನಿಲ್ದಾಣ ಸೇರಿದಾಗ ಕುಕನೂರಿನ ಬಸ್ಸು ಹೊರಟು ನಿಂತಿತ್ತು.

ಗದಗದ ಹೆದ್ದಾರಿಯಲ್ಲಿ ಸಾಗಿದರೆ ಭಾನಾಪುರ. ಅಲ್ಲಿ ಸಾಲಾಗಿ ಎದ್ದಿರುವ ದೊಡ್ಡ ಕಟ್ಟಡಗಳು ಗೊಂಬೆ ಕಾರ್ಖಾನೆಯವು. ಸುಮಾರು 400 ಎಕರೆಯ ಈ ಆಟಿಕೆ ಕ್ಲಸ್ಟರ್‌ಗೆ 2021ರ ಜನವರಿಯಲ್ಲಿ ಅಡಿಗಲ್ಲು ಬಿತ್ತು. ಕೊಪ್ಪಳದ ಇನ್ನೊಂದು ಬದಿಗೆ ಕಿನ್ನಾಳವಿದೆ. ಅಲ್ಲಿ ಚಿತ್ರಗಾರ ಮನೆತನಗಳು ಹಗುರ ಮರದ ತುಂಡು ಕೂಡಿಸಿ, ಹುಣಸೆ ಬೀಜದ ಅಂಟು ಬಳಸಿ, ಕಾಮಧೇನುವನ್ನೂ ಗರುಡನನ್ನೂ ಇಂದಿಗೂ ಕೈಯಲ್ಲೇ ಮಾಡುತ್ತವೆ. ಹೊಸ ಕಾರ್ಖಾನೆಗಳು ಬೆಳೆಯಲಿ, ಕೆಲಸ ಕೊಡಲಿ. ಕಿನ್ನಾಳದ ಮಕ್ಕಳಿಗೂ ಅಪ್ಪನ ಕಸುಬಿನಲ್ಲೇ ಹೊಟ್ಟೆ ತುಂಬುವ ದಿನ ಬರಲಿ ಎಂದು ಆ ದಾರಿಯಲ್ಲಿ ಹೋಗುವಾಗಲೆಲ್ಲ ಅನ್ನಿಸುತ್ತದೆ. ಮಗ್ಗದ ಮನೆಯವರಾಗಿ ನಮಗೆ ಆ ಚಿಂತೆ ಹೊಸದಲ್ಲ.

ಭಾನಾಪುರದ ಹತ್ತಿರ ಬಸ್ಸು ಹೆದ್ದಾರಿ ಬಿಟ್ಟು ಹೊರಳಿತು. ಆಮೇಲೆ ಎರಡೂ ಬದಿ ಎರೆಭೂಮಿ. ಕಿಟಕಿಯ ಸೀಟು ನನಗೆ ಬಿಟ್ಟುಕೊಟ್ಟಿದ್ದರು.

ಕುಕನೂರು: ಒಂಬತ್ತು ಗುಡಿ, ಒಂದು ಅಂಗಳ

ಕುಕನೂರು ಈಗ ತಾಲ್ಲೂಕು ಕೇಂದ್ರ. ಬಸ್ ನಿಲ್ದಾಣದ ಸುತ್ತ ಎಲ್ಲ ಊರುಗಳಲ್ಲಿ ಇರುವುದೇ ಇದೆ: ಮಿರ್ಚಿ ಕರಿಯುವ ಬಾಣಲೆ, ಗೊಬ್ಬರದ ಅಂಗಡಿ, ಮೊಬೈಲ್ ರಿಪೇರಿ. ಹಳೆಯ ಊರಿನತ್ತ ನಡೆದರೆ ಸದ್ದು ಕಡಿಮೆಯಾಗುತ್ತ ಬರುತ್ತದೆ. ಮಹಾಮಾಯೆಯ ಗುಡಿಯ ಆವರಣ ಹೊಕ್ಕರೆ ಎದುರಿಗೆ ನವಲಿಂಗ ದೇವಾಲಯ.

ಒಂದಕ್ಕೊಂದು ಅಂಟಿಕೊಂಡ ಒಂಬತ್ತು ಗರ್ಭಗುಡಿಗಳು. ಪ್ರತಿಯೊಂದರಲ್ಲೂ ಒಂದು ಲಿಂಗ. ಮೇಲೆ ಗಿಡ್ಡನೆಯ ದ್ರಾವಿಡ ಶಿಖರಗಳು. ಒಂಬತ್ತನೇ ಶತಮಾನದ್ದು, ರಾಷ್ಟ್ರಕೂಟರ ಕಾಲದ್ದು. ಈ ನಾಡನ್ನು ಅಮೋಘವರ್ಷ ನೃಪತುಂಗನೂ ಅವನ ಮಗ ಇಮ್ಮಡಿ ಕೃಷ್ಣನೂ ಆಳಿದ ಶತಮಾನವದು.

ಆ ನೃಪತುಂಗನ ಆಸ್ಥಾನದಲ್ಲೇ ಶ್ರೀವಿಜಯ ‘ಕವಿರಾಜಮಾರ್ಗ’ ಬರೆದ. ಕನ್ನಡದ ತಿರುಳು ಎಲ್ಲಿದೆ ಎಂದು ಗುರುತಿಸುವಾಗ ಅವನು ಹೆಸರಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಅಂದರೆ ಇಂದಿನ ಪಟ್ಟದಕಲ್ಲು, ಕೊಪ್ಪಳ, ಲಕ್ಷ್ಮೇಶ್ವರ, ಒಕ್ಕುಂದ. ಕೊಪ್ಪಳದಿಂದ ಲಕ್ಷ್ಮೇಶ್ವರದ ಕಡೆಗೆ ಮುಖ ಮಾಡಿದರೆ ಕುಕನೂರು ಆ ತಿರುಳಿನ ಒಳಗೇ ಬರುತ್ತದೆ. ನಮ್ಮ ಮಾತನ್ನು ‘ಹಳ್ಳಿ ಮಾತು’ ಎಂದು ಸಿನಿಮಾದಲ್ಲಿ ನಗಿಸಲು ಬಳಸುವಾಗ ನನಗೆ ಈ ಸಂಗತಿ ನೆನಪಾಗುತ್ತದೆ, ನೋವೂ ಆಗುತ್ತದೆ.

ನವಲಿಂಗದ ಬಾಗಿಲುಗಳ ಮೇಲೆ ತಲೆ ಎತ್ತಿ ನೋಡಬೇಕು. ಮಕರತೋರಣಗಳ ನಡುವೆ ಹೆಣ್ಣು ದೇವತೆಗಳ ರೂಪಗಳಿವೆ. ಲಿಂಗದ ಗುಡಿಗೆ ದೇವಿಯರೇಕೆ? ಈ ಗರ್ಭಗುಡಿಗಳು ಮೊದಲು ದೇವಿಯರಿಗಾಗಿಯೇ ಕಟ್ಟಿದವು, ಲಿಂಗಗಳು ಆಮೇಲೆ ಬಂದವು ಎಂದು ವಿದ್ವಾಂಸರು ಊಹಿಸುವುದು ಇದರಿಂದಲೇ. ಅದೇ ಅಂಗಳದಲ್ಲಿ ಇಂದಿಗೂ ಊರ ಹೆಣ್ಣುಮಕ್ಕಳು ಮಹಾಮಾಯೆಗೆ ಉಡಿ ತುಂಬುತ್ತಾರೆ. ನಾನೂ ಒಂದು ಕಾಯಿ, ಎರಡು ಕುಪ್ಪಸದ ಕಣ ಒಯ್ದಿದ್ದೆ.

“ಹರಕಿ ಇಲ್ಲ ಅಂದಿದ್ದಿ?” ಅಂದರು ಮನೆಯವರು.

“ಹರಕಿ ಅಲ್ರೀ. ತವರಿಗೆ ಬಂದಂಗ ಆತು, ಅದಕ್ಕ.”

ಕಲ್ಲೇಶ್ವರ ಗುಡಿ ಇಲ್ಲಿನ ಎರಡನೆಯ ಪಾಠ. ಹತ್ತನೇ ಶತಮಾನದ ಈ ಗುಡಿಯಲ್ಲಿ ರಾಷ್ಟ್ರಕೂಟರ ರೀತಿ ಹಿಂದೆ ಸರಿದು ಕಲ್ಯಾಣ ಚಾಲುಕ್ಯರ ರೀತಿ ತಲೆ ಎತ್ತುತ್ತದೆ. ನವಲಿಂಗದ ಗೋಡೆ ನೋಡಿ ಬಂದವರಿಗೆ ಇಲ್ಲಿನ ಗೋಡೆ ಹೆಚ್ಚು ಹದವಾಗಿ ಮಡಿಕೆ ಮಡಿಕೆಯಾಗಿ ಕಾಣುತ್ತದೆ. ಒಳಗೆ ಗಣಪತಿ ಮತ್ತು ಮಹಿಷಮರ್ದಿನಿ. ಇಲ್ಲಿ ಹೆಚ್ಚು ಹೊತ್ತು ಬೇಕಿಲ್ಲ. ಆದರೆ ಇದನ್ನು ಬಿಟ್ಟು ಇಟಗಿಗೆ ಹೋದರೆ ನಡುವಿನ ಹೆಜ್ಜೆ ತಪ್ಪಿಹೋಗುತ್ತದೆ.

ಕುಕನೂರಿಗೆ ಇನ್ನೊಂದು ಚರಿತ್ರೆಯಿದೆ, ಕಲ್ಲಿನದಲ್ಲ. ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ, ಓದಿನ ಭಾಷೆ ಉರ್ದು. ಆ ದಿನಗಳಲ್ಲಿ ಕನ್ನಡದ ಮಕ್ಕಳಿಗೆ ಆಸರೆಯಾಗಿ ನಿಂತ ಕೆಲವೇ ಸಂಸ್ಥೆಗಳಲ್ಲಿ ಕುಕನೂರಿನ ವಿದ್ಯಾನಂದ ಗುರುಕುಲವೂ ಒಂದು. 1947–48ರಲ್ಲಿ ಅಳವಂಡಿ ಶಿವಮೂರ್ತಿ ಸ್ವಾಮಿಗಳು ಗಡಿಯಾಚೆಯ ಮುಂಡರಗಿಯಲ್ಲಿ ಶಿಬಿರ ಹೂಡಿ ವಿಮೋಚನೆಯ ಹೋರಾಟ ನಡೆಸಿದ್ದೂ ಇದೇ ಮಗ್ಗುಲಲ್ಲಿ. 1948ರ ಸೆಪ್ಟೆಂಬರ್ 17ಕ್ಕೆ ಬಿಡುಗಡೆ ಬಂತು. ಉಳಿದ ನಾಡಿಗಿಂತ ಒಂದು ವರ್ಷ ತಡವಾಗಿ ಸ್ವಾತಂತ್ರ್ಯ ಕಂಡ ಜನ ನಾವು.

> ಏಳು ಕಿಲೋಮೀಟರ್, ಮುನ್ನೂರು ವರ್ಷ
>
> ನವಲಿಂಗ, ಕುಕನೂರು: 9ನೇ ಶತಮಾನ, ರಾಷ್ಟ್ರಕೂಟರು.
>
> ಕಲ್ಲೇಶ್ವರ, ಕುಕನೂರು: 10ನೇ ಶತಮಾನ, ರಾಷ್ಟ್ರಕೂಟ–ಚಾಲುಕ್ಯ ರೀತಿಗಳ ಸಂಧಿಕಾಲ.
>
> ಮಹಾದೇವ, ಇಟಗಿ: 1112, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲ.
>
> ಬೇಲೂರಿನ ಚೆನ್ನಕೇಶವ ದೇವಾಲಯ ಪ್ರತಿಷ್ಠೆಯಾದದ್ದು 1117ರಲ್ಲಿ. ಇಟಗಿ ಅದಕ್ಕಿಂತ ಐದು ವರ್ಷ ಹಿರಿಯದು!

ಇಟಗಿ: ಗುಡಿಗಳ ಚಕ್ರವರ್ತಿ

ಇಟಗಿ ಹಳ್ಳಿ. ಊರಂಚಿನಲ್ಲಿ ಗುಡಿ, ಗುಡಿಯ ಮುಂದೆ ಪುಷ್ಕರಣಿ, ಸುತ್ತ ಹುಲ್ಲು ಹಾಸು. ಅಷ್ಟೇ. ಮೊದಲ ನೋಟಕ್ಕೆ ಶಿಖರ ಆಕಾಶಕ್ಕೆ ಏರುವ ಗಾತ್ರದ್ದಲ್ಲ. ಹತ್ತಿರ ಹೋದಂತೆ ಅದು ಬೆಳೆಯುತ್ತದೆ.

ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಇದನ್ನು ಕಟ್ಟಿಸಿದ. ಇಲ್ಲಿನ ಶಾಸನ ಇದನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆಯುತ್ತದೆ. ಶಾಸನಗಳಲ್ಲಿ ಹೊಗಳಿಕೆ ಸಹಜ. ಆದರೆ ತೆರೆದ ಮಂಟಪದಲ್ಲಿ ನಿಂತು ಸುತ್ತ ನೋಡಿದ ಮೇಲೆ ಆ ಮಾತಿನಲ್ಲಿ ನನಗೆ ಒಂದಿಷ್ಟೂ ಅತಿ ಕಾಣಲಿಲ್ಲ.

ಮೂಲದಲ್ಲಿ ಈ ಮಂಟಪಕ್ಕೆ 68 ಕಂಬಗಳಿದ್ದವು. ಅವುಗಳಲ್ಲಿ 26 ದೊಡ್ಡವು, ನೆಲದಿಂದಲೇ ಎದ್ದು ಮಾಡು ಹೊತ್ತವು. ಉಳಿದ ಚಿಕ್ಕವು ಸುತ್ತಲಿನ ಕಲ್ಲಿನ ಜಗಲಿಯ ಮೇಲೆ ನಿಂತವು. ಒಂದಷ್ಟು ಕಂಬಗಳನ್ನು ತಿರುಗಣೆಗೆ ಹಾಕಿ ಕಡೆದಿದ್ದಾರೆ. ಬೆರಳು ಸುತ್ತಿ ಬಂದರೆ ಉಂಗುರದ ಮೇಲೆ ಉಂಗುರ, ಅಂಚು ಚೂಪು, ಮೈ ನುಣುಪು.

ಹೇಗೆ ಸಾಧ್ಯ? ಉತ್ತರ ಕಲ್ಲಿನಲ್ಲಿದೆ. ಇದು ಬಳಪದ ಕಲ್ಲಿನ ಜಾತಿ. ಗಣಿಯಿಂದ ತೆಗೆದಾಗ ಮೆತ್ತಗೆ, ಉಳಿಗೆ ಒಗ್ಗುತ್ತದೆ. ಗಾಳಿ ಬಿಸಿಲು ತಾಗಿದಂತೆ ಬಿಗಿಯಾಗುತ್ತದೆ. ಬಾದಾಮಿ, ಪಟ್ಟದಕಲ್ಲಿನ ಮರಳುಗಲ್ಲಿನಲ್ಲಿ ಇಷ್ಟು ಕುಸುರಿ ಬಿಡಿಸಲು ಆಗುತ್ತಿರಲಿಲ್ಲ. ಕಲ್ಲು ಬದಲಾಯಿತು, ಕೈ ಬದಲಾಯಿತು. ಹೊಯ್ಸಳರು ಆಮೇಲೆ ಇದೇ ಜಾತಿಯ ಕಲ್ಲು ಹಿಡಿದು ಬೇಲೂರು, ಹಳೇಬೀಡು ಕಟ್ಟಿದರು. ಆಗ ಅವರು ಇದೇ ವಿಕ್ರಮಾದಿತ್ಯನ ಸಾಮಂತರು. ಬೇಲೂರಿನ ಮದನಿಕೆಯರನ್ನು ಕೆತ್ತಿದವರಲ್ಲಿ ಹೆಸರಾದ ದಾಸೋಜ ಬಳ್ಳಿಗಾವೆಯವನು, ಚಾಲುಕ್ಯರ ನಾಡಿನವನು. ಉತ್ತರದ ಕೈಕಸುಬು ದಕ್ಷಿಣಕ್ಕೆ ನಡೆದುಹೋದ ದಾರಿಯಿದು. ಬೇಲೂರಿಗೆ ಶಾಲಾ ಮಕ್ಕಳ ಬಸ್ಸುಗಳು ಸಾಲುಗಟ್ಟುತ್ತವೆ. ಆ ಬಸ್ಸುಗಳಲ್ಲಿ ಕೆಲವಾದರೂ ಇಟಗಿಗೆ ಬರಬೇಕು. ಕೊಪ್ಪಳ ಜಿಲ್ಲೆಯ ಮಕ್ಕಳಾದರೂ ಮೊದಲು ಇಲ್ಲಿಗೆ ಬಂದು ಆಮೇಲೆ ಅಲ್ಲಿಗೆ ಹೋಗಲಿ.

ಮಂಟಪದ ನಡುವೆ ಕುತ್ತಿಗೆ ಎತ್ತಿದರೆ ಒಳಮಾಳಿಗೆ. ಕೀರ್ತಿಮುಖದ ಬಾಯಿಂದ ಬಳ್ಳಿ ಹೊರಟು ಸುರುಳಿ ಸುರುಳಿಯಾಗಿ ಹಬ್ಬಿ ಇಡೀ ಜಾಗ ತುಂಬಿಕೊಂಡಿದೆ. ಮನೆಯವರು ಅಲ್ಲೇ ಅಂಗಾತ ಮಲಗಿ ನೋಡಿದರು. ನೋಡುವ ಸರಿಯಾದ ರೀತಿ ಅದೇ. ನಿಂತು ನೋಡಿದರೆ ಕುತ್ತಿಗೆ ಸೋಲುತ್ತದೆ, ಬಳ್ಳಿಯ ಬುಡ ಸಿಗುವುದಿಲ್ಲ.

“ಇದರ ನಕ್ಷಾ ಯಾವುದರ ಮ್ಯಾಲ ಬರಕೊಂಡಿದ್ದಾರು?” ಎಂದು ಕೇಳಿದರು. ನನಗೆ ಉತ್ತರ ತಿಳಿಯಲಿಲ್ಲ. ಅವರಪ್ಪ ಹೊಸ ದಡಿ ಹಾಕುವ ಮುನ್ನ ನೆಲದ ಮೇಲೆ ಸುಣ್ಣದ ಚೂರಿನಿಂದ ಬರೆದುಕೊಳ್ಳುತ್ತಿದ್ದರಂತೆ. ಆಮೇಲೆ ನೂಲಿನ ಎಳೆ ಲೆಕ್ಕ, ಆಮೇಲೆ ಲಾಳಿ. ಒಂದು ಎಳೆ ತಪ್ಪಿದರೆ ಅಷ್ಟೂ ಬಿಚ್ಚಿ ಮತ್ತೆ ನೇಯುವುದು. “ನೂಲು ಬಿಚ್ಚಬಹುದು. ಕಲ್ಲು ಬಿಚ್ಚಾಕ ಬರ್ತೇತೇನು?” ಎಂದರು. ಮದುವೆಯಾದಾಗಿನಿಂದ ಅವರು ತಮ್ಮ ತಂದೆಯ ಕೆಲಸದ ಬಗ್ಗೆ ಇಷ್ಟು ಮಾತಾಡಿದ್ದು ನಾನು ಕೇಳಿರಲಿಲ್ಲ. ಮನೆಯಲ್ಲಿ ಆ ಮಾತಿಗೆ ಹೊತ್ತಾದರೂ ಎಲ್ಲಿತ್ತು?

ಗುಡಿಯ ಹೊರಗೋಡೆಯ ಎಷ್ಟೋ ಗೂಡುಗಳು ಖಾಲಿ. ಮೂರ್ತಿಗಳು ಹೋಗಿವೆ. ಖಾಲಿ ಗೂಡಿನ ಮೇಲಿನ ಪುಟ್ಟ ಪುಟ್ಟ ಗೋಪುರಗಳು ಮಾತ್ರ ಉಳಿದಿವೆ, ಒಂದೊಂದೂ ಒಂದೊಂದು ಗುಡಿಯ ಅಚ್ಚು.

> ಅಪ್ಪ–ಅವ್ವನ ಹೆಸರಿನ ಗುಡಿಗಳು
>
> ಮಹಾದೇವ ದಂಡನಾಯಕ ಶಿವನಿಗೆ ಮಾತ್ರ ಗುಡಿ ಕಟ್ಟಿಸಿ ನಿಲ್ಲಲಿಲ್ಲ. ಅದೇ ಆವರಣದಲ್ಲಿ ತಂದೆಯ ನೆನಪಿಗೆ ಮೂರ್ತಿನಾರಾಯಣ, ತಾಯಿಯ ನೆನಪಿಗೆ ಚಂದ್ರಲೇಶ್ವರಿ ಗುಡಿಗಳನ್ನು ಎಬ್ಬಿಸಿದ. ಸುತ್ತ ಇನ್ನೂ ಹಲವು ಚಿಕ್ಕ ಗುಡಿಗಳಿದ್ದವು.
>
> ಬ್ರಿಟಿಷ್ ಪುರಾತತ್ವಜ್ಞ ಹೆನ್ರಿ ಕಸಿನ್ಸ್ 1926ರಲ್ಲಿ ಪ್ರಕಟವಾದ ಚಾಲುಕ್ಯ ವಾಸ್ತುಶಿಲ್ಪದ ತಮ್ಮ ಗ್ರಂಥದಲ್ಲಿ, ಕನ್ನಡ ನಾಡಿನಲ್ಲಿ ಹಳೇಬೀಡಿನ ನಂತರದ ಸ್ಥಾನವನ್ನು ಇಟಗಿಗೆ ಕೊಟ್ಟರು. ಆಗ ಇಟಗಿ ಇದ್ದದ್ದು ನಿಜಾಮರ ಸೀಮೆಯಲ್ಲಿ.

ಬೇವಿನ ಗಿಡದ ಕೆಳಗೆ

ಆವರಣದ ಹೊರಗೆ ಬೇವಿನ ಗಿಡದ ನೆರಳಲ್ಲಿ ಬುತ್ತಿ ಬಿಚ್ಚಿದೆವು. ಹೊಲಕ್ಕೆ ಹೊರಟಿದ್ದ ಅಜ್ಜಿಯೊಬ್ಬರು ನಿಂತು, “ಯಾವೂರ ತಂಗಿ? ಜೋಡೀಲೆ ಬಂದೀರಿ?” ಎಂದು ಕೇಳಿದರು. ಭಾಗ್ಯನಗರ ಅಂದೆ. “ಏನ್ ಕಾರಣ?” ಅಂದರು. ಕಾರಣವಿಲ್ಲ, ನೋಡಾಕ ಬಂದೀವಿ ಅಂದೆ. ಅಜ್ಜಿ ನಕ್ಕು, ಉಡಿಯಿಂದ ಒಂದು ಹಿಡಿ ಹಸಿಕಡಲೆ ಗಿಡ ತೆಗೆದು ರೊಟ್ಟಿಯ ಪಕ್ಕ ಇಟ್ಟು ಹೋದರು.

ಊಟವಾದ ಮೇಲೆ ಗುಡಿಯೊಳಗೆ ಮತ್ತೆ ಹೋದೆವು. ಇಂಥ ಗುಡಿಗಳನ್ನು ಎರಡು ಸಲ ನೋಡಬೇಕು. ಮೊದಲ ಸಲ ಕಣ್ಣು ಎಲ್ಲವನ್ನೂ ಒಮ್ಮೆಲೇ ಹಿಡಿಯಲು ಹೋಗಿ ದಣಿಯುತ್ತದೆ. ಎರಡನೇ ಸಲ ತನಗೆ ಬೇಕಾದದ್ದನ್ನು ಆರಿಸಿಕೊಳ್ಳುತ್ತದೆ. ನಾನು ಪುಷ್ಕರಣಿಯ ಕಡೆಯ ಜಗಲಿ ಹಿಡಿದೆ, ಅವರು ಮತ್ತೆ ಬಾಗಿಲವಾಡ ಹಿಡಿದರು. ಬೇರೆ ಬೇರೆ ಕುಂತರೂ ಒಬ್ಬರಿಗೊಬ್ಬರು ಕಾಣುತ್ತಿದ್ದೆವು. ಗದ್ದಲದ ಪ್ರವಾಸದಲ್ಲಿ ಇದು ಸಿಗುವುದಿಲ್ಲ.

ಇಟಗಿಯ ಮೌನವನ್ನು ಹೊಗಳುತ್ತಲೇ ಒಂದು ಮಾತು ಹೇಳಬೇಕು. ಜನ ಬಾರದ ಗುಡಿ ಶಾಂತವಾಗಿರುತ್ತದೆ ನಿಜ. ಜನ ಮರೆತ ಗುಡಿ ಹಾಳೂ ಆಗುತ್ತದೆ. ಇದನ್ನು ಕಾಯುವ ಕೆಲಸ ಪುರಾತತ್ವ ಇಲಾಖೆಯದು, ಸರಿ. ಅದರ ಹೆಸರು ನಮ್ಮ ಬಾಯಲ್ಲಿ ಉಳಿಸುವ ಕೆಲಸ ನಮ್ಮದು. ಊರಿಗೆ ಬೀಗರು ಬಂದಾಗ ಹಂಪಿಯ ಜತೆಗೆ ಇಟಗಿಯನ್ನೂ ತೋರಿಸೋಣ. ಮದುವೆಗೆ ಮುಂಚಿನ ಫೋಟೊ ತೆಗೆಸಲು ದೂರದ ರೆಸಾರ್ಟಿಗೆ ಹೋಗುವ ನಮ್ಮ ಹುಡುಗ–ಹುಡುಗಿಯರು ಕ್ಯಾಮೆರಾ ಇಲ್ಲದೆಯೂ ಒಂದು ಸಲ ಇಲ್ಲಿಗೆ ಬಂದು ಹೋಗಲಿ.

> ಹೋಗುವುದು ಹೇಗೆ?
>
> ಕೊಪ್ಪಳದಿಂದ ಭಾನಾಪುರ ಮಾರ್ಗವಾಗಿ ಕುಕನೂರಿಗೆ ಬಸ್ಸಿದೆ. ಕುಕನೂರಿನಿಂದ ಇಟಗಿ ಸುಮಾರು 7 ಕಿ.ಮೀ. ಇಟಗಿಯಿಂದ ಬನ್ನಿಕೊಪ್ಪಕ್ಕೆ ಬಂದರೆ ಗದಗ–ಕೊಪ್ಪಳ ಹೆದ್ದಾರಿ ಸಿಗುತ್ತದೆ.
>
> 2025ರ ಮೇ ತಿಂಗಳಿನಿಂದ ಹುಬ್ಬಳ್ಳಿ–ಕುಷ್ಟಗಿ ರೈಲು ಓಡುತ್ತಿದೆ, ಕುಕನೂರಿನಲ್ಲಿ ನಿಲ್ದಾಣವಿದೆ. ಹುಬ್ಬಳ್ಳಿ, ಗದಗದ ಕಡೆಯವರಿಗೆ ಅನುಕೂಲ.
>
> ಲಕ್ಕುಂಡಿ ಇಟಗಿಯಿಂದ ಸುಮಾರು 20 ಕಿ.ಮೀ. ಆದರೆ ಅದನ್ನು ಇದೇ ದಿನಕ್ಕೆ ತುರುಕಬೇಡಿ. ಲಕ್ಕುಂಡಿಗೆ ಅದರದೇ ದಿನ ಕೊಡಿ. ಬುತ್ತಿ, ನೀರು ಜತೆಗಿರಲಿ.

ಬನ್ನಿಕೊಪ್ಪದ ಚಹಾ

ಬನ್ನಿಕೊಪ್ಪದಲ್ಲಿ ಕೊಪ್ಪಳದ ಬಸ್ಸಿಗೆ ಕಾಯುತ್ತ ಚಹಾ ಕುಡಿದೆವು. ಮನೆಯವರು ಜೇಬಿನಿಂದ ಬಸ್ ಟಿಕೆಟು ತೆಗೆದು ಅದರ ಹಿಂಬದಿಗೆ ಪೆನ್ನಿನಿಂದ ಗೀಚತೊಡಗಿದರು. ಇಟಗಿಯ ಬಳ್ಳಿ. ಎಲ್ಲಿ ಬಾಗುತ್ತದೆ, ಎಲ್ಲಿ ಎಲೆ ಒಡೆಯುತ್ತದೆ, ಎರಡು ಸುರುಳಿಗಳ ನಡುವೆ ಎಷ್ಟು ಬಿಡುವು. ಅಷ್ಟು ಚಿಕ್ಕ ಕಾಗದದಲ್ಲಿ ಅದು ಮುಗಿಯಲಿಲ್ಲ. ಅಂಗಡಿಯವರಿಂದ ಹಳೆಯ ಪೇಪರಿನ ತುಂಡು ಕೇಳಿ ಇಸಕೊಂಡರು.

“ಇದನ್ನ ಯಾರ ಮಗ್ಗಕ್ಕ ಹಾಕಬೇಕಂತೀರಿ?”

“ನಮ್ಮ ಓಣ್ಯಾಗ ಕೈಮಗ್ಗ ಇನ್ನೂ ಅದಾವಲ್ಲ. ಕಾಕಾನ ಕೇಳಿ ನೋಡ್ತೀನಿ. ಆದರ ಅವ ಗುಡಿ ಕಣ್ಣಿಲೆ ನೋಡದ ಹೂಂ ಅನ್ನೂದಿಲ್ಲ.”

“ಹಂಗಾರ ಕಾಕಾ–ಕಾಕೂನ್ನ ಇಬ್ಬರನ್ನೂ ಕಳಸರಿ. ನಾವು ಹೋಗೂದು ಬ್ಯಾಡ. ಅವರಿಬ್ಬರ ಹೋಗಿ ಬರಲಿ.”

ಅವರು ಗೀಚುವುದು ನಿಲ್ಲಿಸಿ ಯೋಚಿಸಿದರು. ಕಾಕಾನಿಗೆ ಅರವತ್ತು ದಾಟಿದೆ. ಕಾಕೂ ಊರಿನ ಜಾತ್ರೆ ಬಿಟ್ಟು ಬೇರೆ ಏನನ್ನೂ ಗಂಡನ ಜೋಡಿ ನೋಡಿದವರಲ್ಲ.

“ಎಳ್ಳಮಾಸಿಗೆ ಮಗ್ಗ ನಿಲ್ಲಸ್ತಾರ. ಮರುದಿನ ಕಳಸೋಣ. ಬುತ್ತಿ ನೀನ ಕಟ್ಟಿಕೊಡು” ಎಂದರು.

ಬಸ್ಸು ಬಂತು. ಹತ್ತಿ ಕುಂತ ಕೂಡಲೇ ಕಾಕೂಗೆ ಫೋನು ಹಚ್ಚಿದೆ.